ಇಮೇಲ್ ವಿಳಾಸ ಹುಡುಕಿಕೊಡುತ್ತಿದ್ದ ವರ್ಷಗಳು

ಆಗ ಸರ್ಕಾರಿ ದೂರಸಂಪರ್ಕ ಸಂಸ್ಥೆಯಾಗಿದ್ದ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಂಪರ್ಕ ನೀಡಲು ಆರಂಭಿಸಿತು. ಬೆಂಗಳೂರಿಗೆ ಆ ಸೌಲಭ್ಯ ಬಂದ ಮೇಲೆ ನಾನೊಂದು ಶೆಲ್ ಖಾತೆ (ಆಜ್ಞೆಗಳನ್ನು ಟೈಪ್ ಮಾಡಿ ಬಳಸುವ, ಬರೀ ಅಕ್ಷರಗಳ ಸಂಪರ್ಕ) ಪಡೆದು, ಮಲ್ಲೇಶ್ವರದ ನಮ್ಮ ಮನೆಯಿಂದಲೇ, ಹಳೆಯ ಸ್ನೇಹಿತರ ಇಮೇಲ್ ವಿಳಾಸ ಅರಸುತ್ತಿದ್ದವರಿಗೆ ಅದನ್ನು ಹುಡುಕಿಕೊಡುವ ಕೆಲಸವನ್ನು ಉಚಿತವಾಗಿ ಮಾಡತೊಡಗಿದೆ. ಆಗ ಖಾತೆದಾರರ ವಿವರ ತಿಳಿಸುವ ‘ಫಿಂಗರ್’ ಎಂಬ ಆಜ್ಞೆಯಿತ್ತು. ಆದರೆ ಒಬ್ಬರ ಖಾತೆ ಯಾವ ಕಂಪ್ಯೂಟರಿನಲ್ಲಿದೆ ಎಂಬುದು ತಿಳಿದಿದ್ದರೆ ಮಾತ್ರ ಅದು ಉತ್ತರಿಸುತ್ತಿತ್ತು, ಕೇಳುವವರಿಗೆ ತಿಳಿಯದಿದ್ದುದೇ ಅದು. ವಿಜ್ಞಾನ ಸಂಸ್ಥೆಯವರ ವಿಳಾಸ ಶಿಕ್ಷಣ, ಸಂಶೋಧನಾ ಸಂಸ್ಥೆಗಳ ಜಾಲವಾದ ಎರ್ನೆಟ್‌ನಲ್ಲಿ, ಮನೆಯಲ್ಲಿ ಸಂಪರ್ಕ ಪಡೆದವರದು ವಿಎಸ್‌ಎನ್‌ಎಲ್‌ನಲ್ಲಿ, ಉಳಿದವರದು ಅವರವರ ಕಂಪನಿಯಲ್ಲಿ ಇರುತ್ತಿತ್ತು.

ಖಾತೆಯ ಗಂಟೆಗಳಿಗೆ ಮಿತಿಯಿತ್ತು, ಫೋನ್ ಬಿಲ್ಲೂ ಏರುತ್ತಿತ್ತು. ಆದ್ದರಿಂದ ರಾತ್ರಿ ಒಮ್ಮೆ ಡಯಲ್ ಮಾಡಿ ಪತ್ರಗಳನ್ನು ಇಳಿಸಿಕೊಂಡು, ಸಂಪರ್ಕ ಕಡಿದು, ಪರ್ಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಚಿಕ್ಕ ಪ್ರೋಗ್ರಾಮಿನಿಂದ ನನ್ನ ಬಳಿಯಿದ್ದ ವಿಳಾಸಗಳ ಪಟ್ಟಿಯಲ್ಲಿ ಹುಡುಕಿ, ಬೆಳಿಗ್ಗೆ ಉತ್ತರಗಳನ್ನು ಒಟ್ಟಿಗೆ ಕಳುಹಿಸುತ್ತಿದ್ದೆ.

ನಿಜವಾದ ಕಷ್ಟವಿದ್ದದ್ದು ನಮ್ಮ ಹೆಸರುಗಳಲ್ಲಿ. ಇಲ್ಲಿ ಊರೂ ತಂದೆಯ ಹೆಸರೂ ಇನಿಷಿಯಲ್‌ನೊಳಗೆ ಅಡಗಿರುತ್ತವೆ. ಅದೇ ಹುಡುಗ ಅಮೆರಿಕಕ್ಕೆ ಹೋದರೆ ತಂದೆಯ ಹೆಸರೇ ಸರ್‌ನೇಮ್ ಆಗಿ, ಅಲ್ಲಿನ ಪಟ್ಟಿಯಲ್ಲಿ ಅವನ ತಂದೆ ಸಿಗುತ್ತಿದ್ದರೇ ಹೊರತು ಅವನು ಸಿಗುತ್ತಿರಲಿಲ್ಲ. ಇಂಗ್ಲಿಷ್ ಕಾಗುಣಿತವೂ ಒಬ್ಬೊಬ್ಬರದು ಒಂದೊಂದು ಬಗೆ. ಮೊದಲು ನಾನು, ಒಂದೇ ಬಗೆಯಾಗಿ ಕೇಳಿಸುವ ಹೆಸರುಗಳಿಗೆ ಒಂದೇ ಸಂಕೇತ ಕೊಡುವ, 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಸೌಂಡೆಕ್ಸ್ ವಿಧಾನವನ್ನು ಬಳಸಿದೆ. ಅದು ಹೆಸರಿನ ಮೊದಲ ಅಕ್ಷರವನ್ನು ಉಳಿಸಿಕೊಂಡು, ಮುಂದಿನ ವ್ಯಂಜನಗಳನ್ನು ಮೂರು ಅಂಕಿಗಳಾಗಿಸುತ್ತದೆ. ಲಕ್ಷ್ಮಿಯನ್ನು ಎಕ್ಸ್ ಹಾಕಿ ಬರೆದರೂ ಕೆ-ಎಸ್-ಎಚ್ ಹಾಕಿ ಬರೆದರೂ ಒಂದೇ ಸಂಕೇತ ಬರುವುದನ್ನು ಕಂಡು ಸಂತೋಷಪಟ್ಟಿದ್ದೆ. ಆದರೆ ಜ್ಞಾನೇಶ ಎಂಬ ಹೆಸರನ್ನು ಒಬ್ಬರು ಜಿ ಅಕ್ಷರದಿಂದಲೂ ಇನ್ನೊಬ್ಬರು ಜೆ ಅಕ್ಷರದಿಂದಲೂ ಆರಂಭಿಸುವುದರಿಂದ ಅವೆರಡೂ ಎಂದೂ ಕೂಡುತ್ತಿರಲಿಲ್ಲ. ರಮೇಶನಿಗೂ ರಂಗನಿಗೂ ಮಾತ್ರ ‘ಆರ್ 520’ ಎಂಬ ಒಂದೇ ಸಂಕೇತ ಬರುತ್ತಿತ್ತು. ಕೊನೆಗೆ ಅದನ್ನು ಬಿಟ್ಟು, ಕನ್ನಡದ ಕಿವಿಗೆ ಒಂದೇ ಎನಿಸುವ ಕಾಗುಣಿತಗಳನ್ನೆಲ್ಲ ಒಂದು ರೂಪಕ್ಕೆ ತರುವ ನನ್ನದೇ ನಿಯಮಗಳನ್ನು ಬರೆದುಕೊಂಡೆ, ಪ್ರತಿ ದಾಖಲೆಗೂ ಊರು, ಓದಿದ ಕಾಲೇಜು, ಮುಗಿಸಿದ ವರ್ಷಗಳನ್ನು ಸೇರಿಸಿದೆ. ಹೆಸರಿಗಿಂತ ಕಾಲೇಜಿನ ವರ್ಷವೇ ಹೆಚ್ಚು ಸಲ ಗುರುತು ಹಿಡಿಯಿತು.

ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಸಹಪಾಠಿ ಎಂದು ಹೇಳಿಕೊಂಡ ಒಬ್ಬರಿಗೆ ನಾನು ಒಬ್ಬ ಮಹಿಳೆಯ ವಿಳಾಸ ಕೊಟ್ಟೆ. ವಾರದ ನಂತರ ಆಕೆಯಿಂದ ಪತ್ರ ಬಂತು: “ಇವರಿಂದ ದೂರವಿರಲೆಂದೇ ನಾನು ಹಳೆಯ ವಿಳಾಸ ಬಿಟ್ಟಿದ್ದೆ. ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲವೇ?” ಕೇಳಬೇಕಿತ್ತು. ಅಂದಿನಿಂದ ಯಾರಿಗೂ ವಿಳಾಸ ಕೊಡಲಿಲ್ಲ; ಕೇಳಿದವರ ಪತ್ರವನ್ನು ಸಂಬಂಧಪಟ್ಟವರಿಗೆ ತಲುಪಿಸಿ, ಉತ್ತರಿಸುವುದನ್ನು ಅವರ ಇಚ್ಛೆಗೆ ಬಿಟ್ಟೆ. ಕೆಲಸ ಇಮ್ಮಡಿಯಾಯಿತು, ಕೆಲವರು ಬೇಸರಪಟ್ಟರು. “ನಮ್ಮ ಹುಡುಗನ ಅಡ್ರೆಸ್ಸು ಕೊಡೋಕೂ ಅವನ್ನೇ ಕೇಳ್ಬೇಕಾ ಸ್ವಾಮಿ?” ಎಂದು ಮನೆಯವರೆಗೂ ಬಂದು ಕೇಳಿದ ಹಿರಿಯರಿಗೂ ನಾನು ಅದೇ ನಿಯಮ ಹೇಳಿ, ಅವರ ಪತ್ರವನ್ನು ಎದುರಿಗೇ ಟೈಪ್ ಮಾಡಿ ಆ ರಾತ್ರಿಯೇ ಕಳುಹಿಸಿದೆ.

ಓದು ಮುಗಿದರೆ, ಕೆಲಸ ಬದಲಾದರೆ ವಿಳಾಸ ಸಾಯುತ್ತಿದ್ದ ಕಾಲವದು. ಆರು ತಿಂಗಳಿಗೊಮ್ಮೆ ಎಲ್ಲರಿಗೂ ಬರೆದು, ಮರಳಿ ಬಂದ ಪತ್ರಗಳ ದಾಖಲೆಗಳನ್ನು ತೆಗೆಯುತ್ತಿದ್ದೆ. 1996ರ ಜುಲೈನಲ್ಲಿ ಹಾಟ್‌ಮೇಲ್ ಬಂದ ಮೇಲೆ ಜನರಿಗೆ ಕಾಲೇಜು, ಕಂಪನಿಗಳ ಹಂಗಿಲ್ಲದ ವಿಳಾಸ ದೊರೆಯಿತು, ಕ್ರಮೇಣ ನನಗೆ ಬರುವ ಪತ್ರಗಳು ಕಡಿಮೆಯಾದವು. 1999ರ ಕೊನೆಯಲ್ಲಿ ಸೇವೆ ನಿಲ್ಲಿಸುವಾಗ ಆ ಪಟ್ಟಿಯನ್ನು ಹಣಕ್ಕೆ ಕೇಳಿದವರಿದ್ದರು. ನಾನು ಎಲ್ಲರಿಗೂ ಕೊನೆಯ ಪತ್ರ ಬರೆದು, ಕಂಪ್ಯೂಟರಿನಲ್ಲಿದ್ದ ಕಡತವನ್ನೂ ಎರಡು ಫ್ಲಾಪಿಗಳಲ್ಲಿದ್ದ ಪ್ರತಿಗಳನ್ನೂ ಅಳಿಸಿಹಾಕಿದೆ.