ತೂಕ ಎಡಕ್ಕೆ, ಊರು ಮೇಲಕ್ಕೆ: ಪಾರ್ಸೆಲ್ ದರವನ್ನು ಶೀಟೇ ಹುಡುಕಲಿ

ನಮ್ಮ ಅತ್ತಿಗೆ ಶಿರಸಿಯಲ್ಲಿ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಊರೂರಿಗೆ ಪಾರ್ಸೆಲ್ ಕಳಿಸುತ್ತಾರೆ. ಲೆಕ್ಕದ ಎಕ್ಸೆಲ್ ಶೀಟ್ ನನ್ನ ಪಾಲಿಗೆ. ಹಪ್ಪಳದ್ದು ಸುಲಭ, ಕಟ್ಟಿನ ತೂಕ ಹೆಚ್ಚುಕಮ್ಮಿ ಒಂದೇ. ಉಪ್ಪಿನಕಾಯಿ ಬಾಟಲಿಗೆ ರಟ್ಟು, ಪೇಪರ್ ಸುತ್ತಿದ ಮೇಲೆ 1,300 ಗ್ರಾಂ ಬಂದರೂ ಬಂತು, 1,740 ಬಂದರೂ ಬಂತು. ಪ್ರತಿ ಸಲ ದರಪಟ್ಟಿ ಮೇಲೆ ಬೆರಳಿಟ್ಟು ಹುಡುಕೋದು ಯಾಕೆ?

ನಮ್ಮ ಶೀಟ್‌ನಲ್ಲಿ ದರಪಟ್ಟಿ ಹೀಗಿದೆ. ಎ1ರಿಂದ ಶುರು, ಇ6ಕ್ಕೆ ಮುಗಿಯುತ್ತದೆ. ಎಡಗಡೆ ಇರುವುದು ಎಷ್ಟು ಗ್ರಾಂನಿಂದ ಆ ದರ ಅಂತ, ದರ ರೂಪಾಯಿಯಲ್ಲಿ:

| ಗ್ರಾಂ | ಹುಬ್ಬಳ್ಳಿ | ಬೆಂಗಳೂರು | ಪುಣೆ | ಮುಂಬೈ |
|---|---|---|---|---|
| 0 | 40 | 50 | 70 | 75 |
| 501 | 60 | 75 | 110 | 120 |
| 1001 | 95 | 120 | 190 | 205 |
| 2001 | 180 | 240 | 390 | 420 |
| 5001 | ಕೇಳಿ | ಕೇಳಿ | ಕೇಳಿ | ಕೇಳಿ |

ಪಕ್ಕದಲ್ಲೇ ಆರ್ಡರ್ ಪಟ್ಟಿ. ಜಿ ಕಾಲಂನಲ್ಲಿ ತೂಕ, ಎಚ್‌ನಲ್ಲಿ ಊರು, ಐನಲ್ಲಿ ದರ ಬರಬೇಕು.

ಇಲ್ಲಿ ಪ್ರಶ್ನೆ ಎರಡಿವೆ: ಎಷ್ಟನೇ ಸಾಲು, ಎಷ್ಟನೇ ಕಾಲಂ? ಎರಡಕ್ಕೂ ಉತ್ತರ ಹೇಳುವುದು ಮ್ಯಾಚ್ (MATCH) ಎಂಬ ಫಂಕ್ಷನ್. ಆ ಎರಡು ಸಂಖ್ಯೆ ತಗೊಂಡು ಅಲ್ಲಿರುವ ದರ ಎತ್ತಿಕೊಡುವುದು ಇಂಡೆಕ್ಸ್ (INDEX). ಐ2ರಲ್ಲಿ ಬರೆಯಬೇಕಾದದ್ದು ಇದು. (ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಿ, ಕನ್ನಡದಲ್ಲಿ ಬರೆದರೆ ಶೀಟ್‌ಗೆ ಅರ್ಥ ಆಗುವುದಿಲ್ಲ.)

=ಇಂಡೆಕ್ಸ್($ಬಿ$2:$ಇ$6, ಮ್ಯಾಚ್(ಜಿ2, $ಎ$2:$ಎ$6, 1), ಮ್ಯಾಚ್(ಎಚ್2, $ಬಿ$1:$ಇ$1, 0))

1,300 ಗ್ರಾಂ, ಪುಣೆ ಅಂತ ಕೊಟ್ಟರೆ ಮೊದಲ ಮ್ಯಾಚ್ 3 ಅನ್ನುತ್ತದೆ, ಎರಡನೆಯದೂ 3 ಅನ್ನುತ್ತದೆ. ದರ 190. ಡಾಲರ್ ಚಿಹ್ನೆ ಮರೆಯಬೇಡಿ. ಅದಿಲ್ಲದಿದ್ದರೆ ಫಾರ್ಮುಲಾ ಕೆಳಗೆ ಎಳೆದಾಗ ದರಪಟ್ಟಿಯ ಜಾಗವೂ ಜೊತೆಗೆ ಕೆಳಗೆ ಜಾರುತ್ತದೆ. ಇಂಡೆಕ್ಸ್ 2ನೇ ಸಾಲಿಂದ ಶುರುವಾದರೆ ತೂಕದ ಮ್ಯಾಚ್ ಕೂಡ 2ರಿಂದಲೇ ಶುರುವಾಗಬೇಕು.

ಈಗ ಕೊನೆಯ 0 ಮತ್ತು 1ರ ವಿಷಯ. ಇಡೀ ಫಾರ್ಮುಲಾದಲ್ಲಿ ಜಾಸ್ತಿ ಗಮನ ಬೇಡುವ ಜಾಗ ಇದೇ. 0 ಅಂದರೆ ಇದ್ದ ಹಾಗೇ ಸಿಗಬೇಕು. ಊರಿಗೆ ಅದೇ ಸರಿ. 1 ಅಂದರೆ ಕೊಟ್ಟ ಸಂಖ್ಯೆಗೆ ಸಮ, ಇಲ್ಲವೇ ಅದಕ್ಕಿಂತ ಚಿಕ್ಕದರಲ್ಲಿ ಎಲ್ಲಕ್ಕಿಂತ ದೊಡ್ಡದು. ತೂಕಕ್ಕೆ ಅದು ಬೇಕು, ಆದರೆ ಪಟ್ಟಿ ಕಡಿಮೆಯಿಂದ ಜಾಸ್ತಿಗೆ ಜೋಡಿಸಿರಬೇಕು. ಏನೂ ಬರೆಯದೆ ಬಿಟ್ಟರೆ ಅದು 1 ಅಂತಲೇ ತಿಳಿಯುತ್ತದೆ. ಊರಿನ ಮ್ಯಾಚ್‌ನಲ್ಲಿ 0 ಬಿಟ್ಟುಹೋದರೆ ಬೇರೆ ಊರಿನ ದರ ಬರಬಹುದು, ಎರರ್ ಕೂಡ ತೋರಿಸದೆ!

ಕೊರಿಯರ್‌ನವರು ಕೊಡುವ ಪಟ್ಟಿಯಲ್ಲಿ ಸಾಮಾನ್ಯವಾಗಿ ‘500ರವರೆಗೆ, 1000ದವರೆಗೆ’ ಅಂತಿರುತ್ತದೆ. ಅದನ್ನೇ ಎ ಕಾಲಂಗೆ ಇಳಿಸಿದರೆ 1,300 ಗ್ರಾಂಗೆ 1000ದ ಸಾಲು ಸಿಕ್ಕಿ ದರ 110 ಬರುತ್ತದೆ. ಒಂದೇ ಪಾರ್ಸೆಲ್‌ಗೆ 80 ರೂಪಾಯಿ ಕೈಬಿಟ್ಟಂತೆ. ಅದಕ್ಕೇ ನಾನು ‘ಎಲ್ಲಿಯವರೆಗೆ’ ಬದಲು ‘ಎಲ್ಲಿಂದ’ ಅಂತ ಬರೆದಿರುವುದು. ಕೊನೆಯ 5001ರ ಸಾಲೂ ಸುಮ್ನೆ ಹಾಕಿದ್ದಲ್ಲ. ಅದಿಲ್ಲದಿದ್ದರೆ 12 ಕಿಲೋ ಪಾರ್ಸೆಲ್‌ಗೂ 5 ಕಿಲೋ ದರವೇ ಬರುತ್ತದೆ.

ಎಕ್ಸೆಲ್ 2021, ಮೈಕ್ರೋಸಾಫ್ಟ್ 365 ಅಥವಾ ಗೂಗಲ್ ಶೀಟ್ಸ್ ಇದ್ದರೆ ಎಕ್ಸ್‌ಲುಕಪ್ (XLOOKUP) ಎಂಬ ಇನ್ನೊಂದು ಫಂಕ್ಷನ್ ಇದೆ. ಅದರಲ್ಲಿ ಮುಂದಿನ ದೊಡ್ಡ ಸಂಖ್ಯೆ ಹುಡುಕು ಅಂತ ಹೇಳಬಹುದು, ಕೊರಿಯರ್ ಪಟ್ಟಿ ಇದ್ದ ಹಾಗೇ ನಡೆಯುತ್ತದೆ. ಅತ್ತಿಗೆಯ ಲ್ಯಾಪ್‌ಟಾಪ್‌ನಲ್ಲಿ ಇರುವುದು ಎಕ್ಸೆಲ್ 2016, ಅದರಲ್ಲಿ ಎಕ್ಸ್‌ಲುಕಪ್ ಇಲ್ಲ. ಇಂಡೆಕ್ಸ್, ಮ್ಯಾಚ್ ಎಲ್ಲ ಕಡೆ ನಡೆಯುತ್ತವೆ.

ಊರು ಕಣ್ಣೆದುರಿಗೇ ಇದೆ, ಆದರೂ ಎನ್/ಎ (ಹುಡುಕಿದ್ದು ಸಿಗಲಿಲ್ಲ ಎಂಬ) ಎರರ್ ಬರುತ್ತಿದೆ ಅಂದರೆ ಎರಡು ಮ್ಯಾಚ್‌ಗಳನ್ನೂ ಖಾಲಿ ಸೆಲ್‌ಗಳಲ್ಲಿ ಬೇರೆ ಬೇರೆ ಬರೆದು ನೋಡಿ. ತಪ್ಪು ಯಾವ ಕಡೆ ಅಂತ ತಕ್ಷಣ ಗೊತ್ತಾಗುತ್ತದೆ. ತೂಕದ ಕಡೆ ಆದರೆ, ಅದು ಸಂಖ್ಯೆಯಾಗಿ ಅಲ್ಲದೆ ಪಠ್ಯವಾಗಿ ಕೂತಿರಬಹುದು. ಸಂಖ್ಯೆ ತಾನಾಗಿ ಸೆಲ್‌ನ ಬಲಕ್ಕೆ ನಿಲ್ಲುತ್ತದೆ, ಪಠ್ಯ ಎಡಕ್ಕೆ.

ಊರಿನ ಕಡೆ ಆದರೆ ಮೊದಲು ಹೆಸರಿನ ಹಿಂದೆ ಮುಂದೆ ಸ್ಪೇಸ್ ಇದೆಯಾ ನೋಡಿ. ಎಚ್2 ಇರುವಲ್ಲಿ ಟ್ರಿಮ್(ಎಚ್2) ಅಂತ ಹಾಕಿದರೆ ಅದು ಹೋಗುತ್ತದೆ. ಇನ್ನೊಂದು ಕನ್ನಡದವರಿಗೇ ಬರುವ ತೊಂದರೆ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ‘ಬೆಂಗಳೂರು’ ಮತ್ತು ಯೂನಿಕೋಡ್ ‘ಬೆಂಗಳೂರು’ ನೋಡುವವರಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಆ ಸೆಲ್‌ನ ಫಾಂಟ್ ಬದಲಿಸಿ ನೋಡಿ, ಅಕ್ಷರ ಕಲಸುಮೇಲೋಗರವಾದರೆ ಅದು ಹಳೇದೇ. ಯೂನಿಕೋಡ್‌ಗೆ ಪರಿವರ್ತಿಸಿ, ಇಲ್ಲವೇ ಮತ್ತೆ ಟೈಪ್ ಮಾಡಿ. ಆಮೇಲೆ ಎಚ್ ಕಾಲಂಗೆ ಡೇಟಾ ವ್ಯಾಲಿಡೇಶನ್‌ನಲ್ಲಿ ಬಿ1ರಿಂದ ಇ1ರ ಪಟ್ಟಿ ಕೊಟ್ಟುಬಿಡಿ. ಊರನ್ನು ಟೈಪ್ ಮಾಡೋದೇ ಬೇಡ, ಆರಿಸಿದರೆ ಸಾಕು.

ದರ ಏರಿದಾಗ ಒಂದು ಕೆಲಸ ಇದೆ. ಪಟ್ಟಿಯಲ್ಲಿ 190 ತೆಗೆದು 210 ಹಾಕಿದ ಕೂಡಲೇ ಹೋದ ತಿಂಗಳ ಆರ್ಡರ್‌ಗಳೂ 210 ಆಗಿಬಿಡುತ್ತವೆ. ಗ್ರಾಹಕರ ಹತ್ತಿರ ಇರುವ ಬಿಲ್‌ಗೂ ಶೀಟ್‌ಗೂ ತಾಳೆ ಆಗುವುದಿಲ್ಲ. ಆದ್ದರಿಂದ ಹೊಸ ದರ ಹಾಕುವ ಮೊದಲು ಹಳೇ ಆರ್ಡರ್‌ಗಳ ಐ ಕಾಲಂ ಕಾಪಿ ಮಾಡಿ, ಪೇಸ್ಟ್ ಸ್ಪೆಷಲ್‌ನಲ್ಲಿ ವ್ಯಾಲ್ಯೂಸ್ ಆರಿಸಿ ಅದೇ ಜಾಗಕ್ಕೆ ಅಂಟಿಸಿ. ಫಾರ್ಮುಲಾ ಹೋಗಿ ಬರೀ ಸಂಖ್ಯೆ ಉಳಿಯುತ್ತದೆ.