ಐದೂಕಾಲು ಗಂಟೆಯ ಹಾಲು ಯಾವ ದಿನದ್ದು?

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ಒಂದು ಹಾಲಿನ ಸೊಸೈಟಿಗೆ ಲೆಕ್ಕದ ವೆಬ್ ಆ್ಯಪ್ ಮಾಡಿಕೊಟ್ಟೆ. ಬೆಳಗ್ಗೆ, ಸಂಜೆ ಹಾಲು ಅಳೆದು ಬರೆಯುವುದು, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ನೋಡಿ ದರ ಹಾಕುವುದು, ಬಿಲ್ಲು ಕೊಡುವುದು, ಇಷ್ಟೇ. ಆದರೆ ಇಲ್ಲಿ ಲೆಕ್ಕ ತಪ್ಪಿದರೆ ಹಾಲು ಹಾಕುವವರ ದುಡ್ಡೇ ತಪ್ಪುತ್ತದೆ ಅಲ್ವಾ? ಹಾಗಾಗಿ ಒಂದು ಪುಟವೂ ತಯಾರಾಗುವ ಮೊದಲೇ ಟೆಸ್ಟ್ (ಆ್ಯಪ್ ಸರಿಯಾಗಿ ನಡೆಯುತ್ತಿದೆಯೇ ಎಂದು ಪರೀಕ್ಷಿಸುವ ಸಣ್ಣ ಕೋಡ್) ಓಡುವ ಏರ್ಪಾಡು ಮಾಡಿಕೊಂಡೆ.

ಶುರುವಿನ ಕೆಲಸ ದೊಡ್ಡದೇನಲ್ಲ. ಪೈಥಾನ್ ಭಾಷೆ, ಅದರಲ್ಲಿ ವೆಬ್ ಆ್ಯಪ್ ಕಟ್ಟಲು ಜಾಂಗೋ, ಟೆಸ್ಟ್ ಓಡಿಸಲು ಪೈಟೆಸ್ಟ್, ಕೋಡಿನ ಬದಲಾವಣೆ ದಾಖಲಿಸಲು ಗಿಟ್. ಮೊದಲ ಮೈಗ್ರೇಶನ್‌ಗೆ (ಮಾಡೆಲ್‌ಗೆ ತಕ್ಕ ಹಾಗೆ ಡೇಟಾಬೇಸ್ ಬದಲಿಸುವ ಹೆಜ್ಜೆ) ಮುಂಚೆಯೇ ನಮ್ಮದೇ ಯೂಸರ್ ಮಾಡೆಲ್ (ಬಳಕೆದಾರರ ವಿವರ ಇಡುವ ನಕ್ಷೆ) ಇಟ್ಟುಕೊಳ್ಳಿ. ಆಮೇಲೆ ಬದಲಿಸುವುದು ಭಾರೀ ರಗಳೆ. ನನ್ನ ಮೊದಲ ಟೆಸ್ಟ್ ಏನೂ ಅಲ್ಲ, ಲಾಗಿನ್ ಪುಟ ತೆರೆದರೆ 200 (ಪುಟ ಸರಿಯಾಗಿ ಬಂತು ಎನ್ನುವ ಸಂಕೇತ) ಬರಬೇಕು, ಅಷ್ಟೇ. ಆ ಒಂದೇ ಟೆಸ್ಟ್ ಇರುವಾಗಲೇ ಗಿಟ್‌ಹಬ್ ಆಕ್ಷನ್ಸ್ ಜೋಡಿಸಿದೆ. ಕೋಡನ್ನು ಗಿಟ್‌ಹಬ್‌ಗೆ ಪುಶ್ ಮಾಡಿದಾಗಲೆಲ್ಲ, ಅಂದರೆ ಕಳಿಸಿದಾಗಲೆಲ್ಲ, ಅಲ್ಲಿ ಟೆಸ್ಟ್ ಓಡುತ್ತದೆ. ಮಾಡೆಲ್ ಬದಲಿಸಿ ಮೈಗ್ರೇಶನ್ ಮರೆತಿದ್ದರೆ ಅದನ್ನೂ ಹಿಡಿಯುತ್ತದೆ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟೂ ನೆಟ್ಟೂ ಒಟ್ಟಿಗೇ ಹೋಗುತ್ತವೆ. ಅದಕ್ಕೇ ಎಲ್ಲ ಟೆಸ್ಟ್‌ಗಳೂ ಲ್ಯಾಪ್‌ಟಾಪ್‌ನಲ್ಲಿ ನೆಟ್ ಇಲ್ಲದೆ ಓಡಬೇಕು ಎಂಬುದು ನನ್ನ ಹಠ. ಟೆಸ್ಟ್‌ನಲ್ಲಿ ಎಸ್‌ಎಂಎಸ್ ನಿಜವಾಗಿ ಹೋಗುವುದಿಲ್ಲ, ಒಂದು ಪಟ್ಟಿಯಲ್ಲಿ ಸುಮ್ನೆ ಸೇರಿಕೊಳ್ಳುತ್ತದೆ.

ಇನ್ನು ನಿಜವಾದ ವಿಷಯ. ಏನನ್ನು ಟೆಸ್ಟ್ ಮಾಡಬೇಕು ಅಂತ ಗೊತ್ತಾದದ್ದು ಸೊಸೈಟಿಯ ಬೆಂಚಿನಲ್ಲಿ ಕೂತಾಗ. "ನಮ್ಮಲ್ಲಿ ಐದೂಕಾಲಕ್ಕೇ ಹಾಲು ಬರ್ತದೆ ಮಾರಾಯ" ಎಂದರು ಕಾರ್ಯದರ್ಶಿಗಳು. ನನ್ನ ಕಿವಿ ನೆಟ್ಟಗಾಯಿತು. ಜಾಂಗೋ ಸಮಯವನ್ನು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಇಡುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮಗೆ ಬೆಳಗ್ಗೆ 5.15 ಆದಾಗ ಯುಟಿಸಿಯಲ್ಲಿ ಹಿಂದಿನ ರಾತ್ರಿ 11.45. 'ಟೈಮ್‌ಝೋನ್ ನೌ' ಕೇಳಿ ಅದರಿಂದ ತಾರೀಕು ತೆಗೆದರೆ, ಬೆಳಗಿನ ಹಾಲು ನಿನ್ನೆಯ ಲೆಕ್ಕಕ್ಕೆ ಹೋಗುತ್ತದೆ. 'ಲೋಕಲ್‌ಡೇಟ್' ಕೇಳಬೇಕು, ಸೆಟ್ಟಿಂಗ್ಸ್‌ನಲ್ಲಿ ಏಷ್ಯಾ/ಕೋಲ್ಕತಾ ಇರಬೇಕು. ಫ್ರೀಝ್‌ಗನ್ ಎಂಬ ಲೈಬ್ರರಿಯಿಂದ ಗಡಿಯಾರವನ್ನು 5.15ಕ್ಕೆ ನಿಲ್ಲಿಸಿ ಟೆಸ್ಟ್ ಬರೆದೆ. ಏಪ್ರಿಲ್ 1ರ ಬೆಳಗ್ಗೆಗೂ ಇನ್ನೊಂದು, ಯಾಕೆಂದರೆ ಅವತ್ತು ಬಿಲ್ ನಂಬರ್ ಹೊಸದಾಗಿ ಶುರುವಾಗಬೇಕು.

ಎರಡನೆಯದು ಹೆಸರು. ಕಾಸರಗೋಡಿನಲ್ಲಿ ಒಂದೇ ಪಟ್ಟಿಯಲ್ಲಿ ಕನ್ನಡದ ಹೆಸರೂ ಇರುತ್ತದೆ, ಮಲಯಾಳದ್ದೂ ಇರುತ್ತದೆ. 'ಗೋಪಾಲ' ಎಂಬುದರ 'ಗೋ'ವಿನ ಸ್ವರಚಿಹ್ನೆ ಎಲ್ಲ ಲಿಪಿಗಳ ಅಕ್ಷರಕ್ಕೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಇರಬಹುದು, ಮೂರು ತುಂಡಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕಿದರೆ ಒಂದು ಸಿಗುವುದಿಲ್ಲ. ಇದಕ್ಕೆ ಎನ್‌ಎಫ್‌ಸಿ (ತುಂಡುಗಳನ್ನು ಒಂದೇ ಸಂಕೇತಕ್ಕೆ ಸೇರಿಸುವ ಯೂನಿಕೋಡ್ ಕ್ರಮ) ಮಾಡಿದರೆ ಸಾಕು. ಮಲಯಾಳದ ಚಿಲ್ಲಕ್ಷರಕ್ಕೆ (ಸ್ವರವಿಲ್ಲದ ವ್ಯಂಜನದ ವಿಶೇಷ ರೂಪ) ಮಾತ್ರ ಅದು ಸಾಕಾಗುವುದಿಲ್ಲ. 2008ರಲ್ಲಿ ಬಂದ ಯೂನಿಕೋಡ್ 5.1ರಿಂದ ಚಿಲ್ಲಿಗೆ ಸ್ವಂತ ಸಂಕೇತ ಇದೆ. ಅದಕ್ಕೂ ಹಳೆಯ ರೀತಿಯಲ್ಲಿ ವ್ಯಂಜನ, ಚಂದ್ರಕ್ಕಲ (ಮಲಯಾಳದ ಹಲಂತ ಚಿಹ್ನೆ), ಕಣ್ಣಿಗೆ ಕಾಣದ ಜಾಯಿನರ್ ಹೀಗೆ ಮೂರು ಸೇರಿ ಬರುತ್ತವೆ. ಎನ್‌ಎಫ್‌ಸಿ ಇವೆರಡನ್ನೂ ಒಂದು ಮಾಡುವುದಿಲ್ಲ. ಆದ್ದರಿಂದ ಹೆಸರನ್ನು ಬರೆದ ಹಾಗೇ ಇಟ್ಟು, ಹುಡುಕಲು ಬೇರೆ ಕಾಲಮ್ ಮಾಡಿದೆ. ಅದಕ್ಕೆ ತುಂಬುವಾಗ ಮೊದಲು ಹಳೆ ಚಿಲ್ಲನ್ನು ಹೊಸದಕ್ಕೆ ಬದಲಿಸಿ, ಆಮೇಲೆ ಉಳಿದ ಕಾಣದ ಅಕ್ಷರಗಳನ್ನು ತೆಗೆಯುತ್ತೇನೆ. ಕ್ರಮ ತಿರುಗಿಸಿದರೆ ಚಿಲ್ಲೇ ಹಾಳು. ಟೆಸ್ಟ್‌ನಲ್ಲಿ 'ಮೋಹನನ್' ಎಂಬ ಹೆಸರನ್ನು ಮಲಯಾಳದಲ್ಲಿ ಎರಡೂ ರೀತಿ ಬರೆದು, ಎರಡಕ್ಕೂ ಒಬ್ಬನೇ ಸಿಗಬೇಕು ಎಂದು ಕೇಳುತ್ತೇನೆ.

ದುಡ್ಡಿಗೆ ಫ್ಲೋಟ್ (ದಶಮಾಂಶವನ್ನು ಅಂದಾಜಾಗಿ ಇಡುವ ಸಂಖ್ಯೆ) ಬೇಡವೇ ಬೇಡ. 0.1ಕ್ಕೆ 0.2 ಕೂಡಿಸಿದರೆ ಪೈಥಾನ್ 0.30000000000000004 ಅನ್ನುತ್ತದೆ. ಡೆಸಿಮಲ್ (ದಶಮಾಂಶವನ್ನು ನಿಖರವಾಗಿ ಇಡುವ ಸಂಖ್ಯೆ) ಹಾಕಿದರೂ ಒಂದು ಸಂಗತಿ ಉಂಟು. ಪೈಸೆಗೆ ಸರಿಹೊಂದಿಸುವಾಗ ಅದು ತಾನಾಗಿ 42.345ನ್ನು 42.34 ಮಾಡುತ್ತದೆ, ಸಮಸಂಖ್ಯೆಯ ಕಡೆಗೆ. ಸೊಸೈಟಿಯ ಪುಸ್ತಕದಲ್ಲಿ ಅದು 42.35. ಪುಸ್ತಕ ಹೇಳಿದ್ದೇ ಸರಿ, ಹಾಗಾಗಿ 'ಹಾಫ್ ಅಪ್' (ಅರ್ಧ ಬಂದರೆ ಮೇಲಕ್ಕೆ) ಎಂದು ಬಾಯಿಬಿಟ್ಟು ಹೇಳಿದೆ.

ಬ್ರೌಸರನ್ನೇ ಓಡಿಸುವ ಟೆಸ್ಟ್‌ಗೆ ಪ್ಲೇರೈಟ್. ಕ್ರೋಮಿಯಂ ಒಂದನ್ನೇ ಇನ್‌ಸ್ಟಾಲ್ ಮಾಡಿದೆ, ಮೂರು ಬ್ರೌಸರ್ ಇಳಿಸುವಷ್ಟು ಡೇಟಾ ಯಾರಿಗುಂಟು? ಇಂಥ ಟೆಸ್ಟ್ ಜಾಸ್ತಿ ಬರೆಯಬೇಡಿ, ನಿಧಾನ. ಲಾಗಿನ್ ಆಗಿ, ಹಾಲು ಬರೆದು, ಬಿಲ್ಲು ತೆಗೆಯುವ ಒಂದು ದಾರಿ ಸಾಕು.

ದರದ ಚಾರ್ಟ್ ಬದಲಾದಾಗ ಕಾರ್ಯದರ್ಶಿಗಳು ಹಾಳೆಯ ಫೋಟೋ ಕಳಿಸುತ್ತಾರೆ. ಅದರಿಂದ ಕೆಲವು ಸಾಲು ಆರಿಸಿ, ಈ ಫ್ಯಾಟ್, ಈ ಎಸ್‌ಎನ್‌ಎಫ್, ಈ ದರ ಎಂದು ಮೊದಲು ಟೆಸ್ಟ್‌ಗೆ ಹಾಕುತ್ತೇನೆ. ಓಡಿಸಿದರೆ ಕೆಂಪು, ಅಂದರೆ ಫೇಲ್, ಬರುತ್ತದೆ. ಆಮೇಲೆ ಹೊಸ ಚಾರ್ಟನ್ನು ಅದು ಜಾರಿಯಾಗುವ ತಾರೀಕಿನ ಜೊತೆ ಸೇರಿಸುತ್ತೇನೆ. ಹಳೆ ಚಾರ್ಟಿನ ಟೆಸ್ಟ್‌ಗಳನ್ನು ಅಳಿಸುವುದಿಲ್ಲ. ಹೋದ ತಿಂಗಳ ಬಿಲ್ಲನ್ನು ಇವತ್ತು ಮತ್ತೆ ಪ್ರಿಂಟ್ ಮಾಡಿದರೂ ಹಳೆ ದರವೇ ಬರಬೇಕಲ್ಲ.