8 ಕೆಬಿ ಸ್ಟ್ಯಾಕ್‌ನಲ್ಲೇ ಫೈಲ್‌ಸಿಸ್ಟಂ ನಿಲ್ಲಿಸಿದ್ದು: ನನ್ನ ಅನುಭವ

‘8 ಕೆಬಿಯಲ್ಲಿ ಆಗಲ್ಲ ಮಾರಾಯ, 16 ಮಾಡು’ ಅಂತ ಟೀಮಿನಲ್ಲಿ ಎಲ್ಲರೂ ಹೇಳಿದ್ದರು. ಮಾತು ಕರ್ನಲ್ ಸ್ಟ್ಯಾಕ್‌ದು: ಲಿನಕ್ಸ್ ಕರ್ನಲ್ ಒಳಗೆ ಒಂದೊಂದು ಥ್ರೆಡ್‌ಗೂ ಸಿಗುವ, ಫಂಕ್ಷನ್‌ಗಳು ತಮ್ಮ ಲೋಕಲ್ ಡೇಟಾ ಇಟ್ಟುಕೊಳ್ಳುವ ಜಾಗ. 8ರಲ್ಲೇ ಆಯ್ತು. ಬೋರ್ಡ್ ಈಗ ವಾರಗಟ್ಟಲೆ ಓಡುತ್ತಿದೆ.

ನಮ್ಮದು 32 ಬಿಟ್ ಆರ್ಮ್, 64 ಎಂಬಿ ರ್‍ಯಾಮ್. ಮೇಲೆ ಎನ್‌ಎಫ್‌ಎಸ್ ಸರ್ವರ್ (ನೆಟ್‌ವರ್ಕ್ ಮೇಲೆ ಫೈಲ್ ಕೊಡುವುದು), ನಡುವೆ ನಮ್ಮದೇ ಫೈಲ್‌ಸಿಸ್ಟಂ, ಕೆಳಗೆ ಡಿಎಂ-ಕ್ರಿಪ್ಟ್ (ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಪದರ). ಒಂದನ್ನೊಂದು ಕರೆಯುತ್ತಾ ಹೋದಂತೆ ಸ್ಟ್ಯಾಕ್ ತುಂಬುತ್ತೆ. 64 ಬಿಟ್ ಎಕ್ಸ್86 ಲಿನಕ್ಸ್ 2014ರಲ್ಲೇ, 3.15ರಲ್ಲಿ, 16 ಕೆಬಿಗೆ ಹೋಯಿತು, ನಿಜ. ಅಲ್ಲಿ ಮೆಮೊರಿಗೆ ಬರ ಇಲ್ಲ. ನಮ್ಮಲ್ಲಿ 16 ಅಂದರೆ ಒಂದೊಂದು ಥ್ರೆಡ್‌ಗೂ ಅಕ್ಕಪಕ್ಕದ ನಾಲ್ಕು ಪೇಜ್ (4 ಕೆಬಿಯ ಮೆಮೊರಿ ತುಂಡು) ಬೇಕಾಗುತ್ತೆ. ಮಾಡಿ ನೋಡಿದೆ. ಒಂದೆರಡು ದಿನ ಓಡಿದ ಮೇಲೆ ಅಂಥ ಜಾಗ ಸಿಗದೆ ಫೋರ್ಕ್ (ಹೊಸ ಪ್ರೋಸೆಸ್ ಹುಟ್ಟಿಸುವುದು) ಫೇಲ್. ರ್‍ಯಾಮ್ ಜಾಸ್ತಿ ಮಾಡೋಣ ಅಂದರೆ ಬೋರ್ಡಿಗೆ ನೂರು ರೂಪಾಯಿ ಹತ್ತಿರ. ಹತ್ತು ಸಾವಿರ ಬೋರ್ಡ್ ಅಂದರೆ ಹತ್ತು ಲಕ್ಷ. ಯಾರು ಕೊಡ್ತಾರೆ?

ಯಾವ ಫಂಕ್ಷನ್ ಎಷ್ಟು ಸ್ಟ್ಯಾಕ್ ತಿನ್ನುತ್ತೆ ಅಂತ ತೋರಿಸುವ ಚೆಕ್‌ಸ್ಟ್ಯಾಕ್ ಓಡಿಸಿದಾಗ ಮೊದಲು ಸಿಕ್ಕಿದ್ದು ಫೈಲ್ ಹೆಸರು ಬದಲಿಸುವ ರಿನೇಮ್. ಫ್ರೇಮ್, ಅಂದರೆ ಅದೊಂದೇ ಫಂಕ್ಷನ್ ಹಿಡಿಯುವ ಸ್ಟ್ಯಾಕ್, ಸುಮಾರು 1,100 ಬೈಟ್. ಹಳೇ ಹೆಸರು, ಹೊಸ ಹೆಸರು, ತಲಾ 256ರ ಬಫರ್. ಮೇಲೆ ಡೈರೆಕ್ಟರಿ ಎಂಟ್ರಿಯ ಎರಡು ಸ್ಟ್ರಕ್ಟ್. ಬಫರ್‌ಗಳನ್ನು ಸಣ್ಣ ಫಂಕ್ಷನ್‌ಗಳಿಗೆ ಒಡೆದು ಹಾಕಿದೆ. ಫ್ರೇಮ್ ಅಲುಗಾಡಲೇ ಇಲ್ಲ! ಒಂದೇ ಕಡೆ ಕರೆಯೋ ಸ್ಟ್ಯಾಟಿಕ್ ಫಂಕ್ಷನ್ ಅಂತ ಕಂಪೈಲರ್ ಜಿಸಿಸಿ ಮತ್ತೆ ಒಳಗೇ ಸೇರಿಸಿಬಿಟ್ಟಿತ್ತು. ಹಾಗೆ ಸೇರಿಸಬೇಡ ಅನ್ನುವ ನೋಇನ್‌ಲೈನ್_ಫಾರ್_ಸ್ಟ್ಯಾಕ್ ಹಾಕಿದ ಮೇಲೆ 300ರ ಆಸುಪಾಸಿಗೆ ಬಂತು.

ದೊಡ್ಡ ಬಫರ್‌ಗಳನ್ನು ಸ್ಟ್ಯಾಕ್‌ನಿಂದ ಕೆಮ್ಯಾಲಾಕ್‌ಗೆ (ಕರ್ನಲ್‌ನಲ್ಲಿ ಮೆಮೊರಿ ಕೇಳಿ ಪಡೆಯುವ ಫಂಕ್ಷನ್) ಸರಿಸಿದಾಗ ಬೇರೆ ರಗಳೆ. ಕೇಳುವಾಗ ಜಿಎಫ್‌ಪಿ_ಕರ್ನಲ್ ಫ್ಲ್ಯಾಗ್ ಇದ್ದಾಗ, ಮೆಮೊರಿ ಸಾಲದೆ ಕರ್ನಲ್ ಅದನ್ನು ಬಿಡಿಸಿಕೊಳ್ಳುವ ಕೆಲಸ (ರಿಕ್ಲೇಮ್) ನಮ್ಮ ಫೈಲ್‌ಸಿಸ್ಟಂ ಒಳಗೇ ತಿರುಗಿ ಬಂದು, ಸ್ಟ್ಯಾಕ್ ಇನ್ನೂ ಆಳಕ್ಕೆ ಹೋಯಿತು. ಆ ಫ್ಲ್ಯಾಗನ್ನು, ಫೈಲ್‌ಸಿಸ್ಟಂಗೆ ತಿರುಗಿ ಬರಬೇಡ ಅನ್ನುವ ಜಿಎಫ್‌ಪಿ_ನೋಎಫ್‌ಎಸ್ ಮಾಡಿ, ಪದೇಪದೇ ಬರುವ ದಾರಿಗೆ ಸ್ವಂತ ಸ್ಲ್ಯಾಬ್ ಕ್ಯಾಶ್ (ಒಂದೇ ಅಳತೆಯ ಮೆಮೊರಿ ತುಂಡುಗಳ ಸಂಗ್ರಹ) ಕೊಟ್ಟೆ. 

   

ಕೊನೆಗೆ ಉಳಿದಿದ್ದು ಫೈಲ್‌ಗೆ ಡಿಸ್ಕ್ ಬ್ಲಾಕ್ ಹಂಚೋ ದಾರಿ, ಅದರಲ್ಲೂ ಬಿ-ಟ್ರೀ ಸ್ಪ್ಲಿಟ್ (ಬ್ಲಾಕ್‌ಗಳ ಲೆಕ್ಕ ಇಡುವ ಮರದಲ್ಲಿ ತುಂಬಿದ ನೋಡ್ ಒಡೆಯುವುದು). ಲಿನಕ್ಸ್‌ನ ಇನ್ನೊಂದು ಫೈಲ್‌ಸಿಸ್ಟಂ ಎಕ್ಸ್‌ಎಫ್‌ಎಸ್‌ನವರು ಅದನ್ನು ವರ್ಕ್‌ಕ್ಯೂಗೆ ಕಳಿಸ್ತಾರೆ, ಅಂದರೆ ಬೇರೆ ಥ್ರೆಡ್ (ವರ್ಕರ್) ಆ ಕೆಲಸ ಮಾಡುತ್ತೆ, ಅಲ್ಲಿ ಹೊಸ ಸ್ಟ್ಯಾಕ್ ಸಿಗುತ್ತೆ. ನಾನು ಮೊದಲು ಎಲ್ಲ ಹಂಚಿಕೆಯನ್ನೂ ಕಳಿಸಿದೆ, ಬರೆಯೋ ವೇಗ ಕಾಲುಭಾಗದಷ್ಟು ಬಿತ್ತು. ಸ್ಪ್ಲಿಟ್ ಮಾತ್ರ ಕಳಿಸಿದಾಗ ವ್ಯತ್ಯಾಸವೇ ಗೊತ್ತಾಗಲ್ಲ. ಕ್ಯೂಗೆ ಡಬ್ಲ್ಯುಕ್ಯೂ_ಮೆಮ್_ರಿಕ್ಲೇಮ್ ಫ್ಲ್ಯಾಗ್ ಇರಲೇಬೇಕು, ಅದು ಒಂದು ಥ್ರೆಡ್ಡನ್ನು ಮೊದಲೇ ಕಾದಿರಿಸುತ್ತೆ. ಇಲ್ಲದಿದ್ದರೆ ಮೆಮೊರಿ ಮುಗಿಯುವ ಹೊತ್ತಿಗೆ ಹೊಸ ವರ್ಕರ್ ಹುಟ್ಟಲ್ಲ, ಎಲ್ಲಾ ಅಲ್ಲೇ ಜಾಮ್.

ಓಡುವಾಗ ಸ್ಟ್ಯಾಕ್ ಹೆಚ್ಚೆಂದರೆ ಎಷ್ಟು ತುಂಬಿತು ಅಂತ ಅಳೆಯುವ ಸ್ಟ್ಯಾಕ್ ಟ್ರೇಸರ್ ಮೊದಲು 7,400 ಚಿಲ್ಲರೆ ಬೈಟ್ ತೋರಿಸ್ತಿತ್ತು. ಈಗ ಅದೇ ಲೋಡಿಗೆ 5,000 ದಾಟಲ್ಲ. ನಮ್ಮ ಮೇಕ್‌ಫೈಲ್‌ನಲ್ಲಿ ಫ್ರೇಮ್ 400 ಬೈಟ್ ಮೀರಿದರೆ ಬಿಲ್ಡ್ ನಿಲ್ಲುವ ಹಾಗೆ ಮಾಡಿದ್ದೇನೆ. ಹೊಸ ಹುಡುಗರು ಬೈಕೋತಾರೆ, ಬೈಲಿ.